ಕೇಳುವವರನ್ನು ಬಿಟ್ಟು ಹಾಡುವವರನ್ನು ಹಿಡಿದೆ: ದಾವಣಗೆರೆಯಲ್ಲಿ ಸಂಗೀತ ಪತ್ರಿಕೆ ನಡೆಸಿದ ನನ್ನ ಅನುಭವ

ಕಳೆದ ಗಣಪತಿ ಹಬ್ಬದ ಸಂಚಿಕೆಯನ್ನು 1,400 ಪ್ರತಿ ಅಚ್ಚು ಹಾಕಿಸಿದ್ದೆ. ದಸರೆಯ ಹೊತ್ತಿಗೆ ನಮ್ಮ ಮನೆಯ ಅಟ್ಟದ ಮೇಲೆ ಉಳಿದದ್ದು ಮೂವತ್ತೋ ನಲವತ್ತೋ ಪ್ರತಿ. ಸಣ್ಣ ಪತ್ರಿಕೆ ನಡೆಸುವವರಿಗೆ ಈ ಲೆಕ್ಕದ ಬೆಲೆ ಗೊತ್ತಿರುವುದರಿಂದ ಬಿಡಿಸಿ ಹೇಳಬೇಕಾಗಿಲ್ಲ. ಹಾಡೇ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಹಾಡಿನ ಬಗ್ಗೆ ಬರೆದದ್ದನ್ನು ದುಡ್ಡು ಕೊಟ್ಟು ಯಾರು ಓದುತ್ತಾರೆ ಎಂದು ಊರಿನ ಪತ್ರಿಕಾ ಏಜೆಂಟರಿಂದ ಹಿಡಿದು ನನ್ನ ಸ್ವಂತ ಭಾವನವರ ತನಕ ಎಲ್ಲರೂ ಕೇಳಿದ್ದರು. ಹಾಗೆ ಕೇಳಿದವರಲ್ಲಿ ಇಬ್ಬರು ಈಗ ಚಂದಾದಾರರಾಗಿದ್ದಾರೆ. ಭಾವನವರು ಮಾತ್ರ ಇನ್ನೂ ಗೌರವ ಪ್ರತಿಯನ್ನೇ ಓದುತ್ತಿದ್ದಾರೆ.

2017ರ ಯುಗಾದಿಗೆ ಆರಂಭಿಸಿದಾಗ ನಾನು ಮಾಡಿದ ತಪ್ಪು ಸರಳವಾಗಿತ್ತು. ಇಂಗ್ಲಿಷಿನ ಜನಪ್ರಿಯ ಸಂಗೀತ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಬಹಳ ವರ್ಷ ಕೂಡಿಟ್ಟಿದ್ದ ನಾನು ಅವುಗಳ ಹೊರರೂಪವನ್ನು ಮಾತ್ರ ನಕಲು ಮಾಡಿದೆ. 1967ರಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್‌ನಂತೆ ಐದಾರು ಪುಟಗಳ ಸಂದರ್ಶನ, ಕ್ಯೂ ಪತ್ರಿಕೆಯಂತೆ ವಿಮರ್ಶೆಗೆ ನಕ್ಷತ್ರಗಳ ಅಂಕ, ಸ್ಮ್ಯಾಶ್ ಹಿಟ್ಸ್‌ನಂತೆ ನಡುಪುಟದ ಚಿತ್ರ, ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ತುರುಕಿದೆ. ನಲವತ್ತೆಂಟು ಪುಟ, ನುಣುಪಾದ ಆರ್ಟ್ ಪೇಪರ್, ಬಹುವರ್ಣ, 2,000 ಪ್ರತಿ. ಖರ್ಚು ಸುಮಾರು 72,000 ರೂಪಾಯಿ. ಬೆಲೆ 40 ಇಟ್ಟೆ. ಏಜೆಂಟರ ಕಮಿಷನ್ ಹದಿನಾಲ್ಕು ರೂಪಾಯಿ ಕಳೆದರೆ ಕೈಗೆ ಇಪ್ಪತ್ತಾರು ಬರುತ್ತಿತ್ತು, ಪ್ರತಿಯೊಂದಕ್ಕೆ ನನಗೆ ಬಿದ್ದ ಖರ್ಚು ಮೂವತ್ತಾರು. ಅಂದರೆ ಮಾರಾಟವಾದ ಪ್ರತಿಯ ಮೇಲೂ ಹತ್ತು ರೂಪಾಯಿ ಕಳೆದುಕೊಳ್ಳುತ್ತಿದ್ದೆ. ಜಾಹೀರಾತು ಆ ಕೊರತೆಯನ್ನು ತುಂಬುತ್ತದೆಂದು ನಂಬಿದ್ದೆ. ಒಂದು ಸಂಚಿಕೆಗೂ ಹದಿನೈದು ಸಾವಿರ ದಾಟಲಿಲ್ಲ.

ಮೊದಲ ಸಂಚಿಕೆ ಸ್ನೇಹಿತರ ದಾಕ್ಷಿಣ್ಯದಿಂದ ಏಳುನೂರರಷ್ಟು ಹೋಯಿತು, ಆರನೆಯದು ಮುನ್ನೂರಕ್ಕೆ ಇಳಿಯಿತು. ಬಸ್ ನಿಲ್ದಾಣದ ಅಂಗಡಿಯವರು ಕಟ್ಟನ್ನು ಹಿಂದಿರುಗಿಸುತ್ತ "ಪುಸ್ತಕ ಚೆನ್ನಾಗೈತಿ ಸರ್, ತಗೊಳ್ಳೋರೇ ಇಲ್ಲ" ಎಂದು ಸಮಾಧಾನ ಹೇಳಿದರು. ಕಾಲೇಜು ಹುಡುಗರು ನಡುಪುಟದ ಚಿತ್ರವನ್ನು ಅಂಗಡಿಯಲ್ಲೇ ಕಿತ್ತುಕೊಂಡು ಉಳಿದದ್ದನ್ನು ಅಲ್ಲೇ ಇಟ್ಟು ಹೋಗುತ್ತಿದ್ದರಂತೆ. ಉಳಿದ ಪ್ರತಿಗಳನ್ನು ರದ್ದಿಗೆ ಹಾಕಲು ಹೋದರೆ ಅಲ್ಲಿಯೂ ಮರ್ಯಾದೆ ಸಿಗಲಿಲ್ಲ: ನುಣುಪು ಕಾಗದ ಎಣ್ಣೆ ಹೀರುವುದಿಲ್ಲವಾದ್ದರಿಂದ ಮಿರ್ಚಿ ಮಂಡಕ್ಕಿ ಅಂಗಡಿಯವರು ಅದನ್ನು ಮುಟ್ಟುವುದಿಲ್ಲವೆಂದು ರದ್ದಿಯವರು ದರ ಇಳಿಸಿದರು. ಆರು ಸಂಚಿಕೆಗಳಲ್ಲಿ ಮೂರು ಲಕ್ಷದ ಹತ್ತಿರ ಹೋಯಿತು. ಮನೆಯವರ ಎರಡು ಬಳೆಗಳು ಅದರಲ್ಲಿ ಸೇರಿವೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಅವರು ಒಪ್ಪುವುದಿಲ್ಲ.

ಮಾರಾಟಕ್ಕೆಂದು ಮಾಡಿದ ಕೊನೆಯ ಸಾಹಸ ಸಿನಿಮಾ ಹಾಡುಗಳ ಪೂರ್ಣ ಸಾಹಿತ್ಯವನ್ನು ಅಚ್ಚು ಹಾಕಿದ್ದು. 1978ರಲ್ಲಿ ಆರಂಭವಾದ ಸ್ಮ್ಯಾಶ್ ಹಿಟ್ಸ್ ಹಾಡುಗಳ ಸಾಹಿತ್ಯವನ್ನು ಅಚ್ಚು ಮಾಡಿಯೇ ಹದಿಹರೆಯದವರನ್ನು ಗೆದ್ದಿತ್ತು. ನಮ್ಮಲ್ಲಿಯೂ ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದ ಕಾಲ ನೆನಪಿದೆ. ಆ ಸಂಚಿಕೆ ಚೆನ್ನಾಗಿ ಹೋಯಿತು, ಐದುನೂರರ ಮೇಲೆ. ಆದರೆ ಎರಡು ತಿಂಗಳಲ್ಲಿ ಒಂದು ಧ್ವನಿಮುದ್ರಣ ಕಂಪನಿಯ ವಕೀಲರಿಂದ ನೋಟಿಸು ಬಂತು. ತಪ್ಪು ನನ್ನದೇ ಆಗಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಉಳಿಯುತ್ತದೆ ಎಂಬುದನ್ನು ನಾನು ಓದಿದ್ದೆ, ದಾವಣಗೆರೆಯ ಸಣ್ಣ ಪತ್ರಿಕೆಯನ್ನು ಯಾರು ನೋಡುತ್ತಾರೆ ಎಂಬ ಧೈರ್ಯದಲ್ಲಿ ಮರೆತಿದ್ದೆ. ಕ್ಷಮಾಪಣೆ ಬರೆದುಕೊಟ್ಟು, ಉಳಿದ ಪ್ರತಿಗಳನ್ನು ನಾಶಮಾಡಿ, ನಮ್ಮ ವಕೀಲರಿಗೆ ಎಂಟು ಸಾವಿರ ಕೊಟ್ಟು ಪತ್ರಿಕೆಯನ್ನು ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ಕಣ್ಣು ತೆರೆದದ್ದು ಪಿ.ಜೆ. ಬಡಾವಣೆಯ ಒಂದು ಮನೆಯಲ್ಲಿ. ಅಲ್ಲಿ ಶ್ರಾವಣದ ಭಜನೆಗೆ ಹತ್ತು ಹನ್ನೆರಡು ಮಂದಿ ಹೆಂಗಸರು ವಚನಗಳ ಅಭ್ಯಾಸ ನಡೆಸಿದ್ದರು. ಅವರಲ್ಲಿ ಒಬ್ಬರ ಕೈಯಲ್ಲಿ ನಮ್ಮ ಪತ್ರಿಕೆಯ ನಾಲ್ಕನೆಯ ಸಂಚಿಕೆ ಇತ್ತು. ಅದರಲ್ಲಿ ಎಲ್ಲೋ ಮೂಲೆ ತುಂಬಲು ನಾನು ಹಾಕಿದ್ದ ಒಂದು ವಚನವನ್ನು ಅವರು ಹಾಡುತ್ತ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಎರಡನೆಯ ಸಲ ಎತ್ತಬೇಕು ಎಂದು ಪೆನ್ಸಿಲಿನಿಂದ ಗುರುತು ಮಾಡಲು ನೋಡುತ್ತಿದ್ದರು. ಆರ್ಟ್ ಪೇಪರಿನ ಮೇಲೆ ಪೆನ್ಸಿಲು ಜಾರುತ್ತಿತ್ತು. ಕೊನೆಗೆ ಬೇಸತ್ತು ಕ್ಯಾಲೆಂಡರಿನ ಹಾಳೆಯ ಒಂದು ಚೂರನ್ನು ಹರಿದು, ಅನ್ನದ ಅಗುಳಿನಿಂದ ಆ ಪುಟಕ್ಕೆ ಅಂಟಿಸಿ, ಅದರ ಮೇಲೆ ಬರೆದುಕೊಂಡರು. ಇಡೀ ಸಂಚಿಕೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಆ ಮೂಲೆಯೊಂದೇ, ಅದನ್ನೂ ನಾನು ಬರೆದುಕೊಳ್ಳಲು ಬಾರದ ಕಾಗದದ ಮೇಲೆ ಕೊಟ್ಟಿದ್ದೆ.

ಮನೆಗೆ ಬಂದು ಕೂಡಿಟ್ಟಿದ್ದ ಪತ್ರಿಕೆಗಳನ್ನು ಮತ್ತೆ ತೆಗೆದಾಗ ಬೇರೆಯದೇ ಕಾಣಿಸಿತು. ಬಿಲ್‌ಬೋರ್ಡ್ 1894ರಲ್ಲಿ ಆರಂಭವಾದದ್ದು ಭಿತ್ತಿಪತ್ರದ ವ್ಯಾಪಾರದವರಿಗಾಗಿ; ಅದು ಸಂಗೀತದ ಕಡೆಗೆ ಹೊರಳಿದ ಮೇಲೂ ಅದರ ಕಣ್ಣು ಸಂಗೀತ ಉದ್ಯಮದವರ ಮೇಲೆಯೇ ಇತ್ತು. 1926ರ ಮೆಲೋಡಿ ಮೇಕರ್ ನೃತ್ಯ ವಾದ್ಯವೃಂದಗಳಲ್ಲಿ ನುಡಿಸುವವರ ಪತ್ರಿಕೆಯಾಗಿ ಹುಟ್ಟಿತು, ವಾದಕರು ಬೇಕಾಗಿದ್ದಾರೆ ಎಂಬ ಅದರ ಸಣ್ಣ ಜಾಹೀರಾತುಗಳು ಕೊನೆಯ ತನಕ ಪ್ರಸಿದ್ಧವಾಗಿದ್ದವು. 1981ರ ಕೆರಾಂಗ್ ಅಬ್ಬರದ ಗಿಟಾರಿನವರನ್ನು, 1986ರ ಕ್ಯೂ ಸಿಡಿ ಕೊಳ್ಳಲು ಕೈಯಲ್ಲಿ ಕಾಸಿದ್ದ ನಡುವಯಸ್ಸಿನವರನ್ನು, 1993ರ ಮೋಜೋ ಹಳೆಯ ಸಂಗೀತವನ್ನು ಕೆದಕುವವರನ್ನು ಹಿಡಿದವು. ನಮ್ಮ ದೇಶದಲ್ಲಿ ರಾಕ್ ಸ್ಟ್ರೀಟ್ ಜರ್ನಲ್ 1993ರಲ್ಲಿ ಹೊರಟದ್ದು ಮುಂಬಯಿಯಿಂದಲ್ಲ, ಅಲಹಾಬಾದಿನಿಂದ. ಬ್ಯಾಂಡ್ ಕಟ್ಟುವ ಹುಡುಗರು ಅದರ ಜೀವವಾಗಿದ್ದರು. ಪ್ರತಿಯೊಂದು ಪತ್ರಿಕೆಗೂ ತನ್ನ ಓದುಗ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಎಂಬುದು ಗೊತ್ತಿತ್ತು. ನನಗೆ ಗೊತ್ತಿದ್ದದ್ದು "ಸಂಗೀತಾಸಕ್ತರು" ಎಂಬ ಒಂದು ಪದ ಮಾತ್ರ.

2019ರಲ್ಲಿ ಎರಡು ತಿಂಗಳಿಗೊಮ್ಮೆ ಎಂದು ಮತ್ತೆ ಆರಂಭಿಸಿದೆ. ಮೂವತ್ತೆರಡು ಪುಟ, ಒಳಗೆ ಪೆನ್ಸಿಲು ಜಾರದ ಮ್ಯಾಪ್‌ಲಿಥೋ ಕಾಗದ, ಒಂದೇ ಬಣ್ಣ, ಅಂಚಿನಲ್ಲಿ ಎರಡು ಬೆರಳಿನಷ್ಟು ಖಾಲಿ ಜಾಗ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳಿಗೆ ಹಕ್ಕಿನ ತಂಟೆ ಇಲ್ಲವಾದ್ದರಿಂದ ಅವುಗಳ ಪೂರ್ಣ ಪಾಠವನ್ನು ಹಾಕಿ, ಸ್ವರವನ್ನು ನಾವೇ ಕೂಡಿಸಿದೆವು. ಸಿನಿಮಾ ಹಾಡು ಮತ್ತು ಭಾವಗೀತೆಗಳಿಗೆ ಸಾಹಿತ್ಯವನ್ನು ಬಿಟ್ಟು ಶ್ರುತಿ, ತಾಳ, ಪಲ್ಲವಿ ಯಾವ ಸ್ವರದಿಂದ ಏಳುತ್ತದೆ, ನಡುವಿನ ವಾದ್ಯಸಂಗೀತ ತಾಳದ ಎಷ್ಟು ಸುತ್ತಿನ (ಆವರ್ತನದ) ಮೇಲೆ ಮುಗಿಯುತ್ತದೆ, ಉಸಿರು ಎಲ್ಲಿ ಎಂಬುದನ್ನು ಮಾತ್ರ ಬರೆದೆವು. ಸಾಹಿತ್ಯ ಎಲ್ಲರ ಮೊಬೈಲಿನಲ್ಲಿ ಇರುತ್ತದೆ, ಇದು ಇರುವುದಿಲ್ಲ. ನೋಟಿಸು ಬಾರದಿದ್ದರೆ ಈ ದಾರಿ ನನಗೆ ಹೊಳೆಯುತ್ತಿರಲಿಲ್ಲ.

ಒಂದು ಸಣ್ಣ ತೊಡಕು ಬಂದದ್ದು ಶ್ರುತಿಯ ಹೆಸರಿನಲ್ಲಿ. ಆರ್ಕೆಸ್ಟ್ರಾದ ಕೀಬೋರ್ಡಿನವರು "ಸಿ ಶಾರ್ಪ್" ಎನ್ನುವುದನ್ನು ಹಾರ್ಮೋನಿಯಂ ಮೇಷ್ಟ್ರು "ಕರಿ ಒಂದು", ಅಂದರೆ ಮೊದಲ ಕಪ್ಪು ಮನೆ, ಎನ್ನುತ್ತಾರೆ. ಮೊದಲ ಎರಡು ಸಂಚಿಕೆಗಳಲ್ಲಿ ಇಂಗ್ಲಿಷ್ ಅಕ್ಷರವನ್ನಷ್ಟೇ ಹಾಕಿದ್ದಕ್ಕೆ ಭಜನಾ ಮಂಡಳಿಯವರಿಂದ ಬೈಗುಳ ಕೇಳಿದೆ. ಈಗ ಎರಡನ್ನೂ ಹಾಕುತ್ತೇವೆ, ಗಂಡಸರ ದನಿಗೆ ಕರಿ ಒಂದು ಇದ್ದರೆ ಅದೇ ಹಾಡನ್ನು ಹೆಂಗಸರು ಕರಿ ನಾಲ್ಕಕ್ಕೆ ಎತ್ತಿಕೊಳ್ಳಬಹುದು ಎಂಬ ಸೂಚನೆಯನ್ನೂ ಕೊಡುತ್ತೇವೆ. ಈ ಒಂದು ಸಾಲಿಗಾಗಿಯೇ ಪತ್ರಿಕೆ ತೆಗೆದುಕೊಳ್ಳುತ್ತೇವೆ ಎಂದವರು ಒಬ್ಬಿಬ್ಬರಲ್ಲ.

ಮಾರಾಟವನ್ನು ಏಜೆಂಟರಿಂದ ಬಿಡಿಸಿಕೊಂಡೆ. ವಾದ್ಯದ ಅಂಗಡಿಗಳು, ಸಂಗೀತ ಪಾಠದ ಮನೆಗಳು, ಮೈಕ್ ಸೆಟ್‌ನವರು, ಇಷ್ಟೇ ನಮ್ಮ ಮಳಿಗೆಗಳು. ಬೆಲೆ 30, ಅವರಿಗೆ ಎಂಟು, ಅಚ್ಚಿಗೆ ಸುಮಾರು ಹದಿನೈದು. ಉಳಿಯುವ ಏಳು ರೂಪಾಯಿಗೆ ಜಾಹೀರಾತಿನ ಒಂಬತ್ತು ಹತ್ತು ಸಾವಿರ ಸೇರಿದರೆ ಸಂಚಿಕೆ ನಿಲ್ಲುತ್ತದೆ. ಮೈಕ್ ಸೆಟ್‌ನವರು ಪತ್ರಿಕೆ ಮಾರುತ್ತಾರೆಯೇ ಎಂದು ಪ್ರೆಸ್ಸಿನವರು ನಕ್ಕಿದ್ದರು. ಮೈಕ್ ಸೆಟ್‌ನವರಲ್ಲಿ ಹೆಚ್ಚಿನವರಿಂದ ಮುಂಗಡ ಹಣವನ್ನು ಹೇಗೆ ಪಡೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಮೂರು ವರ್ಷ ಚಹಾ ಕುಡಿಸಿದ್ದೇನೆ.

ಕೊಂಡವರ ಹೆಸರು, ವಯಸ್ಸು, ಏನು ಹಾಡುತ್ತಾರೆ ಅಥವಾ ನುಡಿಸುತ್ತಾರೆ ಎಂಬುದನ್ನು ಒಂದು ವರ್ಷ ನೋಟ್‌ಬುಕ್ಕಿನಲ್ಲಿ ಬರೆಸಿದೆ. ನೆನಪಿನಿಂದ ಹೇಳುವುದಾದರೆ 240 ಮಂದಿಯಲ್ಲಿ ತೊಂಬತ್ತರಷ್ಟು ಭಜನಾ ಮಂಡಳಿಯ ಹೆಂಗಸರು, ಅರವತ್ತು ಆರ್ಕೆಸ್ಟ್ರಾದವರು, ನಲವತ್ತಕ್ಕೂ ಮೇಲೆ ಶಾಲೆಯ ಶಿಕ್ಷಕರು, ಮಿಕ್ಕವರಲ್ಲಿ ಹೆಚ್ಚಿನವರು ಕೀಬೋರ್ಡ್ ಕಲಿಯುವ ಹುಡುಗರು. ಬರಿದೇ ಕೇಳುವವರು ಹದಿನೈದು ಮಂದಿ ಇದ್ದರೆ ಹೆಚ್ಚು. ಶಿಕ್ಷಕರನ್ನು ನಾನು ಎಣಿಸಿಯೇ ಇರಲಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವ, ಅದರ ಬೆನ್ನಿಗೇ ಶಾಲಾ ವಾರ್ಷಿಕೋತ್ಸವ. ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಯ ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಇರುವುದಿಲ್ಲ, ಮಕ್ಕಳ ದನಿಗೆ ಯಾವ ಶ್ರುತಿ ಎಂದು ಗಣಿತದ ಮೇಷ್ಟ್ರೇ ನಿರ್ಧರಿಸಬೇಕು. ಅಂದಿನಿಂದ ನವೆಂಬರ್ ಸಂಚಿಕೆಯಲ್ಲಿ ಎಂಟು ಪುಟ ಮಕ್ಕಳ ದನಿಗೆ ಮೀಸಲು.

ಪ್ರಯೋಗಗಳೆಲ್ಲ ಗೆದ್ದವೆಂದು ತಿಳಿಯಬಾರದು. ಇಂಗ್ಲಿಷ್ ಪತ್ರಿಕೆಗಳು ಮುಖಪುಟಕ್ಕೆ ಸಿಡಿ ಅಂಟಿಸಿ ಕೊಡುತ್ತಿದ್ದುದನ್ನು ನೋಡಿ ನಾನೂ ಐದುನೂರು ಪ್ರತಿಗಳಿಗೆ ನಮ್ಮದೇ ತಂಬೂರಿ ಮತ್ತು ತಾಳದ ಸಿಡಿ ಅಂಟಿಸಿದೆ. ಅದನ್ನು ಹಾಕಲು ಯಂತ್ರ ಯಾರ ಮನೆಯಲ್ಲಿಯೂ ಉಳಿದಿರಲಿಲ್ಲ. ಹೊನ್ನಾಳಿಯ ಒಬ್ಬ ಓದುಗರ ಹೊಲದಲ್ಲಿ ಹಕ್ಕಿ ಓಡಿಸಲು ದಾರಕ್ಕೆ ಕಟ್ಟಿದ್ದನ್ನು ನಾನೇ ಕಂಡೆ. ಅದೇ ಧ್ವನಿಯನ್ನು ಈಗ ಕ್ಯೂಆರ್ ಕೋಡ್ ಮೂಲಕ ಕೊಡುತ್ತಿರುವುದು ಚೆನ್ನಾಗಿ ನಡೆದಿದೆ.

ಗೆದ್ದ ಪ್ರಯೋಗ ಹಾಡುಗಳ ಪಟ್ಟಿ. ಎನ್‌ಎಂಇ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ಪತ್ರಿಕೆ 1952ರ ನವೆಂಬರಿನಲ್ಲಿ ಬ್ರಿಟನ್ನಿನ ಮೊದಲ ಮಾರಾಟ ಪಟ್ಟಿಯನ್ನು ಮಾಡಿದ್ದು ಇಪ್ಪತ್ತರಷ್ಟು ಧ್ವನಿಮುದ್ರಿಕೆಯ ಅಂಗಡಿಗಳಿಗೆ ಫೋನ್ ಮಾಡಿ. ನಾನು ಗಣಪತಿ ವಿಸರ್ಜನೆಯ ಮರುದಿನ ಹರಿಹರ, ಚನ್ನಗಿರಿ, ಚಿತ್ರದುರ್ಗದ ಹದಿನೆಂಟು ಮೈಕ್ ಸೆಟ್‌ನವರಿಗೂ ಆರ್ಕೆಸ್ಟ್ರಾದವರಿಗೂ ಫೋನ್ ಮಾಡಿ, ಯಾವ ಹಾಡಿಗೆ ಎಷ್ಟು "ಒನ್ಸ್ ಮೋರ್" ಬಿತ್ತು ಎಂದು ಕೇಳಿದೆ. ರಂಗನಟಿ ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯನ್ನು ಕಂಡ ಊರಿನಲ್ಲಿ ಆ ಮಾತಿಗೆ ವಿವರಣೆ ಬೇಡ. ಮೊದಲ ವರ್ಷ ಒಬ್ಬ ಆರ್ಕೆಸ್ಟ್ರಾದವರು ತಾವು ಹಾಡಿದ್ದನ್ನೇ ಮೊದಲ ಐದು ಸ್ಥಾನಕ್ಕೆ ಹೇಳಿ ಪಟ್ಟಿಯನ್ನು ಕೆಡಿಸಿದರು. ಈಗ ಅಂಥ ಸುಳ್ಳನ್ನು ಹಿಡಿಯಲು ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ನನ್ನಲ್ಲೇ ಇರಲಿ.

ಆದರೂ ಓದುಗರು ಮೊದಲು ತೆರೆಯುವುದು ಕೊನೆಯ ಪುಟವನ್ನು. ಮೆಲೋಡಿ ಮೇಕರ್‌ನಿಂದ ಕಲಿತ "ಬೇಕಾಗಿದ್ದಾರೆ" ಪುಟ ಅದು: ಗಾಯಕಿ ಬೇಕು, ರಿದಂ ಪ್ಯಾಡ್ ನುಡಿಸುವವರು ಬೇಕು, ಹಳೆಯ ಹಾರ್ಮೋನಿಯಂ ಮಾರಾಟಕ್ಕಿದೆ. ಒಂದಕ್ಕೆ ಐವತ್ತು ರೂಪಾಯಿ. ದಾವಣಗೆರೆಯ ಎರಡು ಆರ್ಕೆಸ್ಟ್ರಾಗಳ ಈಗಿನ ಗಾಯಕಿಯರು ಆ ಪುಟದಿಂದಲೇ ಹೋದವರು. ಮೊಬೈಲಿನ ಗುಂಪುಗಳಲ್ಲಿ ಇದೇ ಕೆಲಸ ಉಚಿತವಾಗಿ ಆಗುತ್ತದೆ ಎಂದು ವಾದಿಸಿದವರೂ ಐವತ್ತು ರೂಪಾಯಿ ಕಳಿಸಿದ್ದಾರೆ, ಏಕೆಂದರೆ ಅಚ್ಚಾದ ಹೆಸರನ್ನು ಮನೆಯ ಹಿರಿಯರಿಗೆ ತೋರಿಸಿ ರಾತ್ರಿ ಕಾರ್ಯಕ್ರಮಕ್ಕೆ ಒಪ್ಪಿಗೆ ಪಡೆಯಬಹುದು ಎಂದು ಒಬ್ಬ ಹುಡುಗಿಯೇ ನನಗೆ ಹೇಳಿದಳು.

ಈ ಸಲದ ಗಣಪತಿ ಸಂಚಿಕೆಯನ್ನು 1,600ಕ್ಕೆ ಏರಿಸಿದ್ದೇನೆ. ಚನ್ನಗಿರಿಯ ಮೈಕ್ ಸೆಟ್‌ನವರೊಬ್ಬರು ಅರವತ್ತು ಪ್ರತಿ ಕೇಳಿದ್ದಾರೆ. ಹೋದ ವರ್ಷದ 880 ರೂಪಾಯಿ ಬಾಕಿ ಬಂದ ಮೇಲೆ ಕಟ್ಟು ಬಸ್ಸಿಗೆ ಹಾಕುವುದೆಂದು ತಿಳಿಸಿದ್ದೇನೆ.