ಮಸ್ಕ್ಯುಲರ್ ಡಿಸ್ಟ್ರೋಫಿಗೆ ಅಂಗವಿಕಲ ಸರ್ಟಿಫಿಕೇಟ್: ನಾವು ಮಾಡಿಸಿದ ಬಗೆ

ನನಗೂ ನನ್ನ ತಂಗಿಗೂ ಇರುವುದು ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸೊಂಟ, ತೊಡೆ, ಭುಜದ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತಾ ಹೋಗುವ ಕಾಯಿಲೆ. ಕುರ್ಚಿಯಲ್ಲಿ ಕೂತಿದ್ದರೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನೆಲದಿಂದ ಏಳುವಾಗ ಮಾತ್ರ ಮಂಡಿಗೆ ಕೈ ಊರಿ, ತೊಡೆ ಹಿಡಿದುಕೊಂಡು ಮೇಲೆ ಬರಬೇಕು. ಈ ನಿಶ್ಶಕ್ತಿಯನ್ನು ಕೆಲವೇ ನಿಮಿಷಗಳಲ್ಲಿ ಡಾಕ್ಟರಿಗೆ ಅರ್ಥ ಮಾಡಿಸುವುದೇ ನಮಗೆ ದೊಡ್ಡ ಕೆಲಸವಾಗಿತ್ತು.

ಒಂದು ಕೌಂಟರಿನಲ್ಲಿ "ಇದು ಕಾಯಿಲೆ ಅಲ್ವಾ, ಅಂಗವಿಕಲತೆ ಹೇಗಾಗುತ್ತೆ?" ಎಂದು ಕೇಳಿದರು. ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅದರಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯ ಹೆಸರೇ ಇದೆ. ಆ ಪುಟದ ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟುಕೊಂಡೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಪರ್ಸೆಂಟ್ ವೈಕಲ್ಯ ಇದೆ ಎಂದು ಸರ್ಟಿಫಿಕೇಟಿನಲ್ಲಿ ಇರಬೇಕು.

ಅರ್ಜಿ ಹಾಕುವುದು ಕಷ್ಟವಲ್ಲ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ, ರಿಪೋರ್ಟುಗಳನ್ನು ಅಪ್‌ಲೋಡ್ ಮಾಡಿ ಆಸ್ಪತ್ರೆ ಆರಿಸಿಕೊಳ್ಳಬೇಕು. ಸರ್ಟಿಫಿಕೇಟ್ ಜೊತೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡೂ ಇದರಲ್ಲೇ ಬರುತ್ತದೆ. ತಂಗಿ ಊರಲ್ಲಿ ಇರುವುದರಿಂದ ಅವಳ ಅರ್ಜಿಯನ್ನು ಗ್ರಾಮ ಪಂಚಾಯ್ತಿಯ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರೇ ಹಾಕಿಕೊಟ್ಟರು. ಹಳ್ಳಿಯವರು ಮೊದಲು ಅವರನ್ನೇ ಕೇಳಿ. ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಜಾಸ್ತಿ ಗಮನ ಕೊಡಬೇಕಾದದ್ದು ಫೈಲಿಗೆ. ನಿಮ್ಹಾನ್ಸ್‌ನ ಸಮ್ಮರಿ, ಸ್ನಾಯು ಹಾನಿ ತೋರಿಸುವ ಸಿಪಿಕೆ ರಕ್ತ ಪರೀಕ್ಷೆ, ಸ್ನಾಯುಗಳ ವಿದ್ಯುತ್ ಪರೀಕ್ಷೆಯಾದ ಇಎಂಜಿ, ಜೀನ್ ರಿಪೋರ್ಟ್ ಎಲ್ಲವೂ ಇದ್ದವು. ಆದರೆ ಅವು ಕಾಯಿಲೆ ಯಾವುದು ಎಂದು ಹೇಳುತ್ತವೆ, ಎಷ್ಟು ಶಕ್ತಿ ಹೋಗಿದೆ ಎಂದು ಹೇಳುವುದಿಲ್ಲ. ಪರ್ಸೆಂಟೇಜ್ ಲೆಕ್ಕಕ್ಕೆ ಬೇಕಾಗುವುದು ಅದೇ. ಹಾಗಾಗಿ ನ್ಯೂರಾಲಜಿಸ್ಟ್ ಹತ್ತಿರ ಕೇಳಿ ಎರಡು ವಿಷಯ ಬರೆಸಿಕೊಂಡೆವು. ಒಂದು, ಇದು ಹೆಚ್ಚುತ್ತಾ ಹೋಗುವ ಕಾಯಿಲೆ, ಗುಣಪಡಿಸುವ ಚಿಕಿತ್ಸೆ ಇಲ್ಲ ಅನ್ನುವುದು. ಇನ್ನೊಂದು, ಸೊಂಟ, ಮಂಡಿ, ಭುಜದ ಸ್ನಾಯುಗಳ ಶಕ್ತಿಯ ಗ್ರೇಡ್. ಇದನ್ನು 0ಯಿಂದ 5ರವರೆಗೆ ಬರೆಯುತ್ತಾರೆ. 3 ಅಂದರೆ ಕಾಲನ್ನು ಮೇಲೆತ್ತಬಹುದು, ಆದರೆ ಯಾರಾದರೂ ಸ್ವಲ್ಪ ಒತ್ತಿದರೂ ತಡೆಯಲಾಗುವುದಿಲ್ಲ. ಜೊತೆಗೆ ದಿನನಿತ್ಯ ಏನೇನು ಆಗುವುದಿಲ್ಲ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದೆವು: ಬಸ್ಸಿನ ಮೆಟ್ಟಿಲು, ಇಂಡಿಯನ್ ಟಾಯ್ಲೆಟ್, ಕೈ ಎತ್ತಿ ತಲೆ ಬಾಚುವುದು, ಬಿದ್ದರೆ ಎಬ್ಬಿಸುವವರು ಯಾರು.

ಸರ್ಟಿಫಿಕೇಟಿಗಾಗಿ ಆಸ್ಪತ್ರೆಗೆ ಹೋದಾಗ ತಂಗಿಯ ಜೊತೆ ಅಮ್ಮನೂ ಡಾಕ್ಟರ ಮುಂದೆ ಬಂದಿದ್ದರು. "ಮನೆ ಕೆಲಸ ಎಲ್ಲಾ ಮಾಡ್ತಾಳೆ ಸಾರ್, ಪರವಾಗಿಲ್ಲ" ಅಂದುಬಿಟ್ಟರು. ಮದುವೆಯಾಗಬೇಕಾದ ಮಗಳು, ತಾಯಿಗೆ ಆ ಸಂಕಟ ಇದ್ದೇ ಇರುತ್ತದೆ. ಡಾಕ್ಟರು "ನಡೀತೀಯಲ್ಲಮ್ಮ?" ಎಂದು ಕೇಳಿದರು. ತಂಗಿ ನೇರವಾಗಿ ಹೇಳಿದಳು, "ನಡೀತೀನಿ ಸಾರ್. ಕೆಳಗೆ ಕೂತರೆ ಏಳೋಕಾಗಲ್ಲ. ಕೂತು ತೋರಿಸ್ಲಾ?" ಕೂತಳು. ಅವಳು ಏಳುವ ರೀತಿ ನೋಡಿದ ಮೇಲೆ ಅವರು ಹಾಳೆಯನ್ನು ಪೂರ್ತಿ ಓದಿದರು, ಒಂದೊಂದೇ ಸ್ನಾಯು ಪರೀಕ್ಷೆ ಮಾಡಿದರು. ಇದ್ದದ್ದಕ್ಕಿಂತ ಹೆಚ್ಚು ಹೇಳುವುದು ತಪ್ಪು. ಹಾಗೆಯೇ ನಾಚಿಕೆಯಿಂದ ಕಡಿಮೆ ಹೇಳಿದರೆ ನಮ್ಮ ಹಕ್ಕನ್ನು ನಾವೇ ಬಿಟ್ಟುಕೊಟ್ಟ ಹಾಗೆ. ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಇದು ತುಂಬಾ ಆಗುತ್ತದೆ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ.

ಪರ್ಸೆಂಟೇಜ್ ಸರಿಯಿಲ್ಲ ಅನ್ನಿಸಿದರೆ ಸುಮ್ಮನಾಗಬೇಡಿ, ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಮೇಲ್ಮನವಿಗೆ ಅವಕಾಶವಿದೆ.

ನಾನು ಸಂಬಳದ ಕೆಲಸದಲ್ಲಿ ಇರುವುದರಿಂದ ನನಗೆ ಸಿಕ್ಕಿದ್ದು ಆದಾಯ ತೆರಿಗೆಯ 80ಯು ಸೆಕ್ಷನ್‌ನ ವಿನಾಯಿತಿ. ಹಳೆಯ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಕಡಿತ, 80 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ 1,25,000. ತಂಗಿಗೆ ಆದಾಯ ಪ್ರಮಾಣಪತ್ರ ಸೇರಿಸಿ ನಾಡಕಚೇರಿಯಲ್ಲಿ ಅಂಗವಿಕಲರ ಪಿಂಚಣಿಗೆ ಹಾಕಿದೆವು. ತಿಂಗಳಿಗೆ 800 ರೂಪಾಯಿ ಮಂಜೂರಾಯಿತು. ವೈಕಲ್ಯ 75 ಪರ್ಸೆಂಟ್‌ಗಿಂತ ಹೆಚ್ಚಿದ್ದವರಿಗೆ ಆಗ 1,400 ಇತ್ತು. ಸಣ್ಣ ಮೊತ್ತವೇ. ಆದರೆ ಅದು ಅವಳ ಹೆಸರಿನ ಖಾತೆಗೆ ಬರುತ್ತದೆ.

ನಮ್ಮದು ಒಂದೇ ಕಡೆ ನಿಲ್ಲುವ ಕಾಯಿಲೆ ಅಲ್ಲ. ಆದ್ದರಿಂದ ಪ್ರತಿ ಸಲ ನ್ಯೂರಾಲಜಿಸ್ಟ್ ಹತ್ತಿರ ಹೋದಾಗಲೂ ಗ್ರೇಡ್ ಹೊಸದಾಗಿ ಬರೆಸಿ, ತಾರೀಖು ಹಾಕಿಸಿ ಫೈಲಿಗೆ ಸೇರಿಸುತ್ತೇವೆ. ಮರುಪರೀಕ್ಷೆಗೆ ಹೋಗುವಾಗ ಅದೇ ದಾಖಲೆ.