ಮಾವ ಬಿಟ್ಟುಹೋದ ಶಾಂಪೇನ್‌ಗೆ ಬೆಲೆ ಕಟ್ಟಿದ್ದು

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಡಾಕ್ಟರ್ ಆಗಿದ್ದ ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ವಸ್ತುಗಳಿಗೆಲ್ಲ ಬೆಲೆ ಬರೆದುಕೊಡಿ ಅಂತ ಲಾಯರ್ ಕೇಳಿದರು. ಅಲ್ಲಿ, ವ್ಯಕ್ತಿ ತೀರಿಕೊಂಡ ದಿನ ಆ ವಸ್ತು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತೋ ಅದನ್ನೇ ಬೆಲೆ ಅಂತ ಹಿಡಿಯುತ್ತಾರೆ. ಮನೆಯ ನೆಲಮಾಳಿಗೆಯಲ್ಲಿ ಎರಡು ಶಾಂಪೇನ್ ಬಾಟಲಿ ಸಿಕ್ಕವು. ಫೋನಿನಲ್ಲಿ ಅಮ್ಮ, "ಅವನು ಒಂದು ತೊಟ್ಟೂ ಕುಡಿದವನಲ್ಲ ಕಣೋ, ಯಾರೋ ಪೇಶೆಂಟ್ ಕೊಟ್ಟಿರಬೇಕು" ಅಂದರು. ಅದು ನಿಜವೇ.

ಮೊದಲು ಲೇಬಲ್ಲಿನಲ್ಲಿ ಇಸವಿ ಇದೆಯಾ ಅಂತ ನೋಡಿದೆ. ಒಂದರಲ್ಲಿ ಇರಲಿಲ್ಲ. ಅಂದರೆ ಬೇರೆ ಬೇರೆ ವರ್ಷದ ವೈನ್ ಬೆರೆಸಿ ಮಾಡಿದ್ದು, ಕೊಂಡ ಕೆಲವೇ ವರ್ಷದಲ್ಲಿ ಕುಡಿಯಬೇಕಾದದ್ದು. ಹಳೇದಾದಷ್ಟೂ ಬೆಲೆ ಜಾಸ್ತಿ ಅನ್ನುವ ಮಾತು ಇಂಥದಕ್ಕೆ ಹೊಂದುವುದಿಲ್ಲ. ಅದನ್ನು ಪಕ್ಕಕ್ಕಿಟ್ಟೆ. ಇನ್ನೊಂದು ಡಾಮ್ ಪೆರಿನ್ಯೋನ್ 1990, ಹಸಿರು ಡಬ್ಬಿಯ ಸಮೇತ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ 1990 ಒಳ್ಳೆಯ ವರ್ಷ, ಹೆಸರೂ ದೊಡ್ಡದು. ಆದರೆ ಇಷ್ಟರಿಂದಲೇ ಬೆಲೆ ಹೇಳಲು ಬರುವುದಿಲ್ಲ. ಇಷ್ಟು ವರ್ಷ ಬಾಟಲಿ ಎಲ್ಲಿ, ಹೇಗೆ ಇತ್ತು ಅನ್ನುವುದೇ ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು.

ಬಾಟಲಿಯನ್ನು ಒರೆಸಲಿಲ್ಲ. ಲೇಬಲ್ಲಿನ ಕಲೆ ತೆಗೆಯಲು ಹೋಗಿ ಲೇಬಲ್ಲೇ ಕಿತ್ತು ಬಂದರೆ ಬೆಲೆ ಅಲ್ಲೇ ಇಳಿಯುತ್ತದೆ. ಕೋಣೆ ಕತ್ತಲೆ ಮಾಡಿ, ಬಾಟಲಿ ನೇರ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿದೆ. ಗಾಜು ಎಷ್ಟು ಕಪ್ಪು ಅಂದರೆ ಬೆಳಕು ಮಂಕಾಗಿ ಕಾಣುತ್ತದೆ ಅಷ್ಟೇ, ಸ್ವಲ್ಪ ಮೇಲೆ ಕೆಳಗೆ ಆಡಿಸಿದ ಮೇಲೆ ವೈನಿನ ಅಂಚು ಗೆರೆಯ ಹಾಗೆ ಸಿಕ್ಕಿತು, ಕತ್ತಿಗೆ ಸುತ್ತಿದ ಲೋಹದ ಹಾಳೆಗಿಂತ ಸ್ವಲ್ಪವೇ ಕೆಳಗೆ. ಮಟ್ಟ ತುಂಬ ಇಳಿದಿದ್ದರೆ ಕಾರ್ಕ್ ಸೋರಿದೆ, ಗ್ಯಾಸೂ ಹೋಗಿರಬಹುದು ಅಂತ ಅರ್ಥ. ಹೊಸ ಶಾಂಪೇನಿನ ಬಾಟಲಿಯಲ್ಲಿ ವಾತಾವರಣದ ಸುಮಾರು ಆರು ಪಟ್ಟು ಒತ್ತಡ ಇರುತ್ತದೆ, ಸಣ್ಣ ಸೋರಿಕೆಯೂ ಚೆನ್ನಾಗಿಯೇ ಹೊಡೆತ ಕೊಡುತ್ತದೆ. ಹಾಳೆಯ ಸುತ್ತ ಬೆರಳಾಡಿಸಿ ಅಂಟು ಇದೆಯಾ ನೋಡಿದೆ, ಇರಲಿಲ್ಲ. ಹಾಳೆ ಬಿಚ್ಚಲಿಲ್ಲ, ಕಾರ್ಕ್ ಹಿಡಿದಿಡುವ ತಂತಿಯನ್ನಂತೂ ಮುಟ್ಟಲೇ ಇಲ್ಲ.

ಡಬ್ಬಿಯ ತಳದಲ್ಲಿ ಅಂಗಡಿಯ ರಸೀದಿ ಸಿಕ್ಕಿತು, ಮಾವ ನಿವೃತ್ತರಾದ 1999ರದ್ದು. ಜೊತೆಗೊಂದು ಕಾರ್ಡು. ನನಗೆ ಆದ ಖುಷಿ ಹೇಳತೀರದು! ಕಾರ್ಡು ಬರೆದವರ ಪ್ರೀತಿ ಒಂದು ಕಡೆಯಾದರೆ, ಬಾಟಲಿ ಯಾವಾಗ ಕೊಂಡದ್ದು ಅನ್ನುವುದಕ್ಕೆ ಕಾಗದದ ಆಧಾರ ಸಿಕ್ಕಿದ್ದು ಇನ್ನೊಂದು ಕಡೆ. ಬಾಯ್ಲರ್ ಪಕ್ಕವೋ, ಅಟ್ಟದ ಮೇಲೋ ಇದ್ದಿದ್ದರೆ ಬೇಸಿಗೆಯ ಬಿಸಿಗೆ ಕೆಟ್ಟಿರುತ್ತಿತ್ತು. ನೆಲಮಾಳಿಗೆಯ ಫೋಟೋವನ್ನೂ ಥರ್ಮಾಮೀಟರ್ ಇಟ್ಟು ತೆಗೆದೆ.

ಇನ್ನು ಇಂಟರ್ನೆಟ್ಟಿನ ಬೆಲೆ. ಅಂಗಡಿಗಳು ಹಾಕಿರುವುದು ಅವರು ಕೇಳುವ ಬೆಲೆ, ಅಷ್ಟಕ್ಕೆ ಯಾರಾದರೂ ಕೊಂಡರು ಅಂತಲ್ಲ. ಅದೇ 1990ರಲ್ಲಿ ಗುಲಾಬಿ ಬಣ್ಣದ ರೋಸೆ ಇದೆ, ದೊಡ್ಡ ಬಾಟಲಿಯ ಮ್ಯಾಗ್ನಮ್ ಇದೆ, ತಡವಾಗಿ ಬಿಡುಗಡೆ ಮಾಡಿದ ಏನೋಟೆಕ್ ಇದೆ. ಅವುಗಳ ಬೆಲೆಯೇ ಬೇರೆ, ಹುಡುಕಿದಾಗ ಎಲ್ಲ ಕಲಸಿಕೊಂಡು ಬರುತ್ತವೆ. ನಾನು ಹರಾಜಿನಲ್ಲಿ ನಿಜವಾಗಿ ಮಾರಾಟವಾದ 750 ಮಿಲಿಯ ಮಾಮೂಲಿ ಬಾಟಲಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಅಲ್ಲೂ ಕೆಲವು ಕಡೆ ಕೊಳ್ಳುವವರು ಕೊಡುವ ಕಮಿಷನ್ ಸೇರಿಸಿ ತೋರಿಸುತ್ತಾರೆ, ಕೆಲವು ಕಡೆ ಇಲ್ಲ. ಇದನ್ನು ನೋಡದೆ ಹೋಲಿಸಿದರೆ ಲೆಕ್ಕ ತಪ್ಪುವುದು ಖಂಡಿತ.

ಆಮೇಲೆ ಫೋಟೋಗಳನ್ನು ಹರಾಜು ಸಂಸ್ಥೆಯೊಂದರ ವೈನ್ ವಿಭಾಗಕ್ಕೆ ಕಳಿಸಿದೆ: ಎದುರು, ಹಿಂಭಾಗ, ಕತ್ತು, ವೈನಿನ ಮಟ್ಟ, ಡಬ್ಬಿ, ರಸೀದಿ. ಅವರ ಅಂದಾಜು ಅಂಗಡಿ ಬೆಲೆಗಿಂತ ಸಾಕಷ್ಟು ಕಡಿಮೆ, ನಾನು ಹಾಕಿದ ಲೆಕ್ಕಕ್ಕೆ ಹತ್ತಿರ. ಆ ಪತ್ರವನ್ನೇ ಲಾಯರ್‌ಗೆ ಕೊಟ್ಟೆ.

ಮೈಸೂರಿಗೆ ತಗೊಂಡು ಬಾ ಅಂತ ಕಸಿನ್ ಕೇಳುತ್ತಿದ್ದ. ಪ್ರಯಾಣದ ಬಿಸಿ, ಕುಲುಕಾಟ ಈ ವಯಸ್ಸಿನ ಶಾಂಪೇನಿಗೆ ಒಳ್ಳೆಯದಲ್ಲ, ಬೇಡ ಅಂದೆ. ನಿಮ್ಮಲ್ಲೂ ಇಂಥದ್ದು ಇದ್ದು ಮಾರುವ ಯೋಚನೆ ಇದ್ದರೆ, ಬಾಟಲಿ ಕೈಗೆ ಕೊಡುವ ಮೊದಲೇ ಮಾರಾಟದ ಕಮಿಷನ್ ಎಷ್ಟು, ವಿಮೆ ಯಾರದ್ದು, ಕನಿಷ್ಠ ಬೆಲೆ ಬರದಿದ್ದರೆ ವಾಪಸ್ ತರುವ ಖರ್ಚು ಯಾರದ್ದು ಅನ್ನುವುದನ್ನು ಬರಹದಲ್ಲಿ ತಗೊಳ್ಳಿ.