ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸೋಣ: ‘ಸಬ್’ನಿಂದ ಶುರು ಮಾಡಿ

ಜುಲೈ ಮಳೆ ಜೋರಾದರೆ ಕೊಡಗಿನ ಶಾಲೆಗಳಿಗೆ ರಜೆ. ಅಂಥ ಒಂದು ರಜೆಯ ದಿನ ಎಂಟನೇ ಕ್ಲಾಸಿನ ನನ್ನ ಅಣ್ಣನ ಮಗಳು ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಾ ಕೂತಿದ್ದಳು. ಸಪೋರ್ಟ್ ಬರೆಯುವಾಗ ಪಿ ಒಂದೋ ಎರಡೋ ಎಂದು ಪ್ರತಿ ಸಲ ಪೆನ್ನು ನಿಲ್ಲುತ್ತಿತ್ತು. ‘ಇದನ್ನ ಸುಮ್ನೆ ನೆನಪಿಟ್ಕೊಬೇಕು ಅಲ್ವಾ ಅತ್ತೆ?’ ಎಂದಳು. ಬೇಕಿಲ್ಲ. ಅದಕ್ಕೊಂದು ದಾರಿ ಇದೆ.

ಮೊದಲು ಪುಸ್ತಕ ಮುಚ್ಚಿಡಿ. ಕಿವಿಗೆ ಬಿದ್ದಿರುವ ‘ಸಬ್’ ಪದಗಳನ್ನು ಮಗುವೇ ಹೇಳಲಿ. ಸಬ್ ಇನ್‌ಸ್ಪೆಕ್ಟರ್, ಸಬ್ ರಿಜಿಸ್ಟ್ರಾರ್, ಕರೆಂಟಿನ ಸಬ್ ಸ್ಟೇಷನ್. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವೂ ಇಂಗ್ಲಿಷಿನಲ್ಲಿ ಸಬ್ ಸ್ಟೇಷನ್ನೇ. ಅರ್ಥ ಅಲ್ಲೇ ಸಿಕ್ಕಿತು: ಇದು ನಮ್ಮ ‘ಉಪ’. ಲ್ಯಾಟಿನ್‌ನಲ್ಲಿ ಸಬ್ ಎಂದರೆ ‘ಕೆಳಗೆ’.

ಆಮೇಲೆ ಪದವನ್ನು ಎರಡು ತುಂಡು ಮಾಡಿ. ಮರೀನ್ ಎಂದರೆ ಕಡಲಿನದು, ಸಬ್‌ಮರೀನ್ ಕಡಲಿನಡಿ ಸಾಗುವ ಹಡಗು. ಸಬ್‌ಸಾಯಿಲ್ ಎಂದರೆ ಮೇಲ್ಮಣ್ಣಿನ ಕೆಳಗಿನ ಪದರ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಒಂದು ಹಂತದಲ್ಲಿ ಮಣ್ಣಿನ ಬಣ್ಣ ಬದಲಾಗುತ್ತದಲ್ಲ, ಅದು. ಭಾಗಮಂಡಲದಲ್ಲಿ ಕಾವೇರಿ ಉಕ್ಕಿ ರಸ್ತೆ ಮುಳುಗಿದರೆ ಅದು ಸಬ್‌ಮರ್ಜ್. ಸಬ್‌ಟ್ರಾಕ್ಟ್, ಅಂದರೆ ಕಳೆಯುವುದು. ಇದರ ‘ಟ್ರಾಕ್ಟ್’ಗೆ ಎಳೆ ಎಂದು ಅರ್ಥ, ಗದ್ದೆಯ ಟ್ರ್ಯಾಕ್ಟರ್ ಕೂಡ ಅದೇ ಮನೆತನದ್ದು. ಸಬ್‌ಸ್ಕ್ರೈಬ್ ಎಂದರೆ ಮೂಲದಲ್ಲಿ ಕಾಗದದ ಕೆಳಗೆ ಹೆಸರು ಬರೆದು ಒಪ್ಪಿಕೊಳ್ಳುವುದು. ಯೂಟ್ಯೂಬ್ ನೋಡುವ ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಈಗ ಪಿ ವಿಷಯಕ್ಕೆ ಬರೋಣ. ನನಗೆ ಜಾಸ್ತಿ ಇಷ್ಟವಾದ ಭಾಗ ಇದು. ಕನ್ನಡ ವ್ಯಾಕರಣದಲ್ಲಿ ಸತ್ ಮತ್ತು ಜನ ಸೇರಿ ಸಜ್ಜನ ಆಗುತ್ತದೆ. ಮುಂದೆ ಜ ಬಂದದ್ದಕ್ಕೆ ತ್ ಕೂಡ ಜ್ ಆಯಿತು. ಲ್ಯಾಟಿನ್‌ನಲ್ಲೂ ಹೀಗೇ. ಸಬ್ ಮುಂದೆ ‘ಹೊರು’ ಎಂಬ ಅರ್ಥದ ಪೋರ್ಟ್ ಬಂತು, ಬಿ ಹೋಗಿ ಪಿ ಆಯಿತು. ಅದಕ್ಕೇ ಎರಡು ಪಿ. ನಮ್ಮ ಹುಡುಗಿ ಹಾಳೆಯಲ್ಲಿ ಬಿ ಬರೆದು, ಅದನ್ನು ಹೊಡೆದು, ತಲೆಯ ಮೇಲೆ ಪಿ ಬರೆದಳು. ಕಿಟಕಿಯಾಚೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತೋರಿಸಿದೆ. ಬಳ್ಳಿಯ ಭಾರ ಹೊತ್ತು ನಿಂತ ಮರ, ಅದೇ ಸಪೋರ್ಟ್. ಸಫರ್‌ನಲ್ಲಿ ಎರಡು ಎಫ್, ಸಕ್ಸೀಡ್‌ನಲ್ಲಿ ಎರಡು ಸಿ, ಸಜೆಸ್ಟ್‌ನಲ್ಲಿ ಎರಡು ಜಿ. ಎಲ್ಲ ಕಡೆ ಬಿ ವೇಷ ಬದಲಿಸಿದೆ.

ಒಂದು ಕಡೆ ಮಾತ್ರ ಹುಷಾರಾಗಿರಿ. ಸೂಪರ್ ಎಂಬುದು ಈ ಗುಂಪಿನದಲ್ಲ, ಅದರ ಅರ್ಥ ‘ಮೇಲೆ’. ಸಬ್ ಇನ್‌ಸ್ಪೆಕ್ಟರ್ ಮತ್ತು ಪೊಲೀಸ್ ಸೂಪರಿಂಟೆಂಡೆಂಟ್ ಇಬ್ಬರನ್ನೂ ಜೊತೆಯಲ್ಲಿ ನಿಲ್ಲಿಸಿ ಹೇಳಿ, ವ್ಯತ್ಯಾಸ ಮರೆಯುವುದಿಲ್ಲ. ರಾತ್ರಿ ಊಟದ ಸಪ್ಪರ್‌ಗೆ ಎರಡು ಪಿ ಇದ್ದರೂ ಅದರಲ್ಲಿ ಸಬ್ ಇಲ್ಲ. ಅನುಮಾನ ಬಂದರೆ ಡಿಕ್ಷನರಿ ತೆಗೆಯಿರಿ.

ದಿನಕ್ಕೆ ಮೂರು ಪದ ಸಾಕು. ಪದ, ಅದರ ತುಂಡುಗಳು, ಪಕ್ಕದಲ್ಲಿ ಮಗುವೇ ಬರೆದ ಚಿತ್ರ. ಸಬ್ ಮುಗಿದ ಮೇಲೆ ‘ಅಲ್ಲ’ ಎನ್ನುವ ‘ಇನ್’ ಹಿಡಿಯಿರಿ. ಲೀಗಲ್ ಮುಂದೆ ಬಂದಾಗ ಅದು ಇಲ್ಲೀಗಲ್, ರೆಗ್ಯುಲರ್ ಮುಂದೆ ಇರ್ರೆಗ್ಯುಲರ್. ಎರಡು ಎಲ್, ಎರಡು ಆರ್ ಯಾಕೆ ಎಂದು ಮಗುವನ್ನೇ ಕೇಳಿ.